ನೆರೆಯ ಕಾಂತತ್ವಕ್ಕೆ ಹಾಲ್ ವಕ್ರರೇಖೆಯ ಸಾಕ್ಷ್ಯ

ಒಡಲಿನಲ್ಲಿ ವಿದ್ಯುತ್ತನ್ನು ತಡೆದು ಮೇಲ್ಮೈಯಲ್ಲಿ ಮಾತ್ರ ಹರಿಯಗೊಡುವ ವಸ್ತುಗಳಿಗೆ ಟೊಪಾಲಜೀಯ ಅವಾಹಕಗಳೆಂದು ಹೆಸರು. ಬಿಸ್ಮತ್ ಸೆಲೆನೈಡು ಇವುಗಳಲ್ಲಿ ಪ್ರಸಿದ್ಧವಾದುದು. ಇದರ ಮೇಲೆ ಕಾಂತೀಯ ಅವಾಹಕವೊಂದರ ತೆಳುಪದರವನ್ನು ಕೂಡಿಸಿದರೆ, ಕಾಂತೀಯ ಪರಮಾಣುಗಳನ್ನು ಒಳಗೆ ಬೆರೆಸದೆ, ಕೇವಲ ಸಾಮೀಪ್ಯದಿಂದಲೇ ಮೇಲ್ಮೈಯ ಎಲೆಕ್ಟ್ರಾನುಗಳು ಕಾಂತತ್ವವನ್ನು ಪಡೆಯುವುವೆಂಬುದು ಸಿದ್ಧಾಂತಿಗಳ ನಿರೀಕ್ಷೆ. ನಿರೀಕ್ಷೆಯೇನೋ ಸುಂದರವಾದುದೇ; ಅದು ಈಡೇರಿತೆಂಬುದಕ್ಕೆ ಒದಗಿಸಿದ ಸಾಕ್ಷ್ಯವನ್ನು ಮಾತ್ರ ಒರೆಗೆ ಹಚ್ಚದೆ ವಿಧಿಯಿಲ್ಲ.

ಆ ಸಾಕ್ಷ್ಯಗಳಲ್ಲಿ ಮುಖ್ಯವಾದುದು ಅಸಂಗತ ಹಾಲ್ ಪರಿಣಾಮ. ಪ್ರವಾಹಕ್ಕೆ ಅಡ್ಡಲಾಗಿ ತಲೆದೋರುವ ವೋಲ್ಟೇಜು ಹೊರಗಿನ ಕಾಂತಕ್ಷೇತ್ರವನ್ನು ತೆಗೆದ ಮೇಲೂ ಉಳಿದು, ಕ್ಷೇತ್ರವನ್ನು ಏರಿಳಿಸಿದಾಗ ವಕ್ರರೇಖೆ ಕುಣಿಕೆಯಾದರೆ, ವಾಹಕವೇ ಕಾಂತವಾಯಿತೆಂದು ಹೇಳುವುದು ವಾಡಿಕೆ. ಆದರೆ ಆ ಕುಣಿಕೆ ಯಾರದು? ಕಾಂತಪದರದ ಅಂಚಿನಿಂದಲೂ ಒರಟು ಮೈಯಿಂದಲೂ ಸೋರಿಬರುವ ಕ್ಷೇತ್ರಕ್ಕೂ ಅದೇ ಕುಣಿಕೆಯುಂಟು. ಸಾಮಾನ್ಯ ಹಾಲ್ ಪರಿಣಾಮವೇ ಅದನ್ನು ನಕಲು ಮಾಡಿ ತೋರಿಸಬಲ್ಲದು.

ಈ ಶಂಕೆಗೆ ಪೂರ್ವನಿದರ್ಶನವಿದೆ. ಯಿಟ್ರಿಯಂ ಕಬ್ಬಿಣ ಗಾರ್ನೆಟ್ಟಿನ ಮೇಲಣ ಪ್ಲಾಟಿನಮ್ಮಿನ ರೋಧವು ಕಾಂತದಿಕ್ಕಿಗನುಗುಣವಾಗಿ ಬದಲಾಗುವುದಕ್ಕೆ 2012ರಲ್ಲಿ ಸಾಮೀಪ್ಯಕಾಂತತ್ವವೇ ಕಾರಣವೆಂದು ಬಗೆದರು. ಮರುವರ್ಷವೇ ಸ್ಪಿನ್ ಹಾಲ್ ಕಾಂತರೋಧವೆಂಬ ವಿವರಣೆ ಹೊರಬಿದ್ದು, ಪ್ಲಾಟಿನಂ ಕಾಂತವಾಗದೆಯೇ ಅಂಥ ಬದಲಾವಣೆ ಸಾಧ್ಯವೆಂದಾಯಿತು.

ಯುರೋಪಿಯಂ ಸಲ್ಫೈಡಿನ ವೃತ್ತಾಂತ ಇನ್ನೂ ವಿಚಾರಾರ್ಹ. ಸುಮಾರು 17 ಕೆಲ್ವಿನ್ನಿನ ಮೇಲೆ ತನ್ನ ಕಾಂತಕ್ರಮವನ್ನು ಕಳೆದುಕೊಳ್ಳುವ ಈ ವಸ್ತು, ಬಿಸ್ಮತ್ ಸೆಲೆನೈಡಿನೊಡನೆ ಕೂಡಿದ ಎಡೆಯಲ್ಲಿ ಕೋಣೆಯ ತಾಪದವರೆಗೂ ಕಾಂತತ್ವವನ್ನು ಉಳಿಸಿಕೊಳ್ಳುವುದೆಂದು 2016ರಲ್ಲಿ ಕಾಟ್ಮಿಸ್ ಮೊದಲಾದವರು ನ್ಯೂಟ್ರಾನ್ ಪ್ರತಿಫಲನದ ಆಧಾರದಿಂದ ಸಾರಿದರು. 2020ರಲ್ಲಿ ಫಿಗೆರೋವಾ ಮತ್ತು ಸಂಗಡಿಗರು ಒಂದೊಂದು ಮೂಲವಸ್ತುವನ್ನೂ ಬೇರೆಬೇರೆಯಾಗಿ ಗುರುತಿಸಬಲ್ಲ ಎಕ್ಸ್-ಕಿರಣ ವಿಧಾನದಿಂದ ಪರೀಕ್ಷಿಸಲಾಗಿ, ಬಿಸ್ಮತ್, ಆಂಟಿಮನಿ, ಸೆಲೆನಿಯಂ, ಟೆಲ್ಯೂರಿಯಂ ಯಾವುದರಲ್ಲಿಯೂ ಪ್ರೇರಿತ ಕಾಂತತ್ವ ಪತ್ತೆಯಾಗಲಿಲ್ಲ. ತಮ್ಮ ಪ್ರಬಂಧದ ಶಿರೋನಾಮೆಯಲ್ಲಿಯೇ ಅವರು ಪರಿಣಾಮ 'ಇಲ್ಲ'ವೆಂದುಬಿಟ್ಟರು. ಇದೂ ತುಸು ಅತಿಯಾಯಿತು. ಅವರ ಉಪಕರಣದ ಮಿತಿ ಪರಮಾಣುವೊಂದಕ್ಕೆ ಬೋರ್ ಮ್ಯಾಗ್ನೆಟಾನಿನ ಸುಮಾರು ಸಾವಿರದ ಒಂದಂಶ. ಅದಕ್ಕಿಂತ ಕಿರಿದಾದುದನ್ನು ಕುರಿತು ಅದು ಮೌನಿ. ಹಾಲ್ ಮಾಪನ ಹರಿಯುವ ಎಲೆಕ್ಟ್ರಾನುಗಳನ್ನು ಕೇಳುತ್ತದೆ, ಎಕ್ಸ್-ಕಿರಣ ಪರಮಾಣುಗಳನ್ನು. ಒಂದರ ಉತ್ತರವನ್ನು ಇನ್ನೊಂದರ ಪ್ರಶ್ನೆಗೆ ಕೊಡಲಾಗದು.

ವಹನಮಾಪನವನ್ನೇ ತಳ್ಳಿಹಾಕಬೇಕೆಂಬುದು ನಮ್ಮ ಮತವಲ್ಲ. ಕ್ರೋಮಿಯಂ ಬೆರೆತ ಸತು ಟೆಲ್ಯೂರೈಡಿನ ಪದರಗಳ ನಡುವೆ ಬಿಸ್ಮತ್-ಆಂಟಿಮನಿ ಟೆಲ್ಯೂರೈಡನ್ನಿರಿಸಿ ವಾತಾನಾಬೆ ಮೊದಲಾದವರು 2019ರಲ್ಲಿ ಕ್ವಾಂಟಂ ಅಸಂಗತ ಹಾಲ್ ಪರಿಣಾಮವನ್ನು ಕಂಡರು. ಕ್ಷೇತ್ರವಿಲ್ಲದೆಯೂ ಸುಮಾರು 25.8 ಕಿಲೋ-ಓಮಿನ ನಿಯತ ಮಟ್ಟವನ್ನು ಸೋರಿಬಂದ ಕ್ಷೇತ್ರವು ಅನುಕರಿಸಲಾರದು. ಅಲ್ಲಿ ವಿಮರ್ಶಕನಿಗೆ ಉಳಿಯುವ ಪ್ರಶ್ನೆ ಒಂದೇ: ಕ್ರೋಮಿಯಂ ಗಡಿ ದಾಟಿ ಒಳನುಸುಳಿಲ್ಲವಷ್ಟೆ? ಕಿರಿದಾದ ಕುಣಿಕೆಯೊಂದನ್ನೇ ನೆಚ್ಚುವವರಾದರೋ, ನಡುವೆ ಕಾಂತವಲ್ಲದ ತೆಳುಪದರವನ್ನಿಟ್ಟು ಮಾಡಿದ ಅಳತೆಯನ್ನೂ ಅದರ ಮಗ್ಗುಲಲ್ಲಿ ಅಚ್ಚುಹಾಕಿಸತಕ್ಕದ್ದು.