ಹವೇಲಿಯ ಕಾಗದ, ಬರದ ಕಾಗದ

ಎಂ.ಎಸ್. ಸತ್ಯು ಅವರ ಮಾತು ಬಂದಾಗಲೆಲ್ಲ ನಾವು ‘ಗರ್ಮ್ ಹವಾ’ವನ್ನು ಹೊಗಳಿ ಸುಮ್ಮನಾಗುತ್ತೇವೆ. ಯು.ಆರ್. ಅನಂತಮೂರ್ತಿಯವರ ಕತೆಯಿಂದ ಅವರು ಕನ್ನಡದಲ್ಲಿ ತೆಗೆದ ‘ಬರ’ ಮರೆತೇ ಹೋಗುತ್ತದೆ. ಬೀದರ್ ಸೀಮೆಯವರು ಈ ಎರಡನ್ನೂ ಜೊತೆಗಿಟ್ಟು ನೋಡಬೇಕು. ಎರಡೂ ನಮ್ಮ ಮನೆಯ ಕತೆಗಳೇ.

1930ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಸತ್ಯು ಮುಂಬೈಗೆ ಹೋಗಿ, ಚೇತನ್ ಆನಂದರ ‘ಹಕೀಕತ್’ಗೆ ಕಲಾ ನಿರ್ದೇಶಕರಾಗಿ, ಇಪ್ಟಾ ರಂಗಭೂಮಿಯಲ್ಲಿ ಪಳಗಿದವರು. ಇಸ್ಮತ್ ಚುಗ್ತಾಯಿಯವರ ಕತೆಯನ್ನು ಕೈಫಿ ಆಜ್ಮಿ ಮತ್ತು ಶಮಾ ಜೈದಿ ಚಿತ್ರಕತೆಯಾಗಿಸಿದಾಗ ಕೈಯಲ್ಲಿದ್ದದ್ದು ಫಿಲ್ಮ್ ಫೈನಾನ್ಸ್ ಕಾರ್ಪೊರೇಶನ್ನಿನ ಎರಡೂವರೆ ಲಕ್ಷ ರೂಪಾಯಿ ಸಾಲ. ಆಗ್ರಾದಲ್ಲಿ ಪ್ರತಿಭಟನೆ ಎದ್ದಾಗ, ಜನರ ಗಮನ ಬೇರೆಡೆ ಸೆಳೆಯಲು ಖಾಲಿ ಕ್ಯಾಮೆರಾ ಹಿಡಿದ ಇನ್ನೊಂದು ತಂಡವನ್ನು ಕಳಿಸಬೇಕಾಯಿತು. ಆಮೇಲೆ ಸೆನ್ಸಾರಿನಲ್ಲಿ ತಿಂಗಳುಗಟ್ಟಲೆ ತಡೆ. ಕೊನೆಗೆ ಚಿತ್ರ ಮೊದಲು ತೆರೆ ಕಂಡದ್ದು ಬೆಂಗಳೂರಿನಲ್ಲಿ.

ಸಲೀಂ ಮಿರ್ಜಾ ಕೊನೆಗೆ ಟಾಂಗಾದಿಂದಿಳಿದು ಮೆರವಣಿಗೆ ಸೇರುವ ದೃಶ್ಯವನ್ನು ಎಲ್ಲರೂ ಮೆಚ್ಚುತ್ತಾರೆ. ನನಗೆ ಅದು ಸ್ವಲ್ಪ ಘೋಷಣೆಯಂತೆ ಕಾಣುತ್ತದೆ. ಚಿತ್ರದ ಕಸುವು ಅದಕ್ಕಿಂತ ಮೊದಲೇ ಇದೆ. ಹವೇಲಿ ಅಣ್ಣನ ಹೆಸರಿನಲ್ಲಿದೆ, ಅಣ್ಣ ಪಾಕಿಸ್ತಾನಕ್ಕೆ ಹೋಗಿದ್ದಾನೆ. ಆದ್ದರಿಂದ ಇಲ್ಲೇ ಉಳಿದ ತಮ್ಮನ ತಲೆಯ ಮೇಲಿನ ಸೂರು ಸರ್ಕಾರದ ವಶವಾಗುತ್ತದೆ. ಅದನ್ನು ಪಡೆದ ಸಿಂಧಿ ವ್ಯಾಪಾರಿ ಕೂಡ ಮನೆಮಠ ಕಳಕೊಂಡು ಬಂದವನು, ಕೆಟ್ಟವನಲ್ಲ. ಯಾರೂ ಕತ್ತಿ ಎತ್ತುವುದಿಲ್ಲ, ಒಂದು ಕಾಗದ ಸಾಕಾಗುತ್ತದೆ.

‘ಬರ’ದಲ್ಲೂ ಇರುವುದು ಕಾಗದವೇ. ಹೊಲ ಒಣಗಿದೆ, ದನ ಸಾಯುತ್ತಿವೆ. ಆದರೆ ಬರವೆಂದು ಸರ್ಕಾರ ಬರೆದುಕೊಡುವವರೆಗೆ ಅದು ಬರವಲ್ಲ. ಅನಂತನಾಗ್ ಅಭಿನಯಿಸಿದ ಜಿಲ್ಲಾಧಿಕಾರಿ ಆ ಒಂದು ಘೋಷಣೆಗಾಗಿ ಒದ್ದಾಡುತ್ತಾನೆ. ಮಳೆ ನೋಡಿ ತೊಗರಿ, ಉದ್ದು ಬಿತ್ತುವ ಔರಾದಿನ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಇಲ್ಲಿ ಕ್ಯಾಮೆರಾ ಹೆಚ್ಚಾಗಿ ಅಧಿಕಾರಿಯ ಬೆನ್ನು ಹಿಡಿದೇ ನಡೆಯುತ್ತದೆ. ಮಿರ್ಜಾನ ಅಂಗಳ, ಅಡುಗೆಮನೆ ಹೊಕ್ಕ ಸತ್ಯು ಹಸಿದವನ ಮನೆಯನ್ನು ಅಷ್ಟು ಆಳವಾಗಿ ಹೊಗಲಿಲ್ಲ. ದಾಸ್ತಾನು ಮಾಡುವ ವ್ಯಾಪಾರಿ, ಕುತಂತ್ರದ ರಾಜಕಾರಣಿ ನಮಗೆ ಬೇಗನೆ ಗುರುತು ಸಿಗುತ್ತಾರೆ, ಅಷ್ಟೇ ಬೇಗ ಮರೆತೂ ಹೋಗುತ್ತಾರೆ.

‘ಗರ್ಮ್ ಹವಾ’ದ ನಂತರ ಸತ್ಯು ತೆಗೆದ ಚಿತ್ರಗಳು ಕಡಿಮೆ. ‘ಗಳಿಗೆ’ 1994ರಲ್ಲಿ ಬಂತು, ‘ಇಜ್ಜೋಡು’ 2010ರಲ್ಲಿ. ನಡುವಿನ ದೀರ್ಘ ಮೌನವನ್ನು ನಾಟಕಗಳು ತುಂಬಿದವು. ತನ್ನ ಮಾತನ್ನೇ ಹೇಳುತ್ತೇನೆಂದವನು ತೆತ್ತ ಬೆಲೆಯದು.

ನಮ್ಮ ಜಿಲ್ಲೆಯ ವಿಭಜನೆ 1947ರದಲ್ಲ, 1948ರದು. ಮೊದಲು ರಜಾಕಾರರ ಹಿಂಸೆ, ಸೆಪ್ಟೆಂಬರಿನ ಪೊಲೀಸ್ ಆಕ್ಷನ್ ಆದ ಮೇಲೆ ಮುಸ್ಲಿಮರ ಮೇಲೆ ನಡೆದ ಹಿಂಸೆ. ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಬೀದರನ್ನು ಹೆಸರಿಸಿದ ಸುಂದರಲಾಲ್ ಸಮಿತಿಯ ವರದಿ ದಶಕಗಳ ಕಾಲ ಜನರ ಕೈಗೆ ಸಿಗಲಿಲ್ಲ. ಎರಡೂ ಕಡೆಯ ನೋವನ್ನು ಲೆಕ್ಕಕ್ಕೆ ಹಿಡಿದು, ಮಿರ್ಜಾನ ಕತೆಯಷ್ಟು ನಿಧಾನವಾಗಿ ಹೇಳುವ ಕನ್ನಡ ಚಿತ್ರಕ್ಕಾಗಿ ಆ ಕಾಲ ಇನ್ನೂ ಕಾಯುತ್ತಿದೆ. ಬೀದರಿನ ಹಳೇ ಓಣಿಗಳಲ್ಲಿ, ಭಾಲ್ಕಿಯ ಮನೆಗಳಲ್ಲಿ ನಿಜಾಮರ ಕಾಲದ ಉರ್ದು ದಸ್ತಾವೇಜುಗಳು ಟ್ರಂಕಿನ ತಳದಲ್ಲಿವೆ. ಅವನ್ನು ಓದಬಲ್ಲವರು ವರ್ಷ ವರ್ಷಕ್ಕೂ ಕಡಿಮೆಯಾಗುತ್ತಿದ್ದಾರೆ. ಕ್ಯಾಮೆರಾ ಹಿಡಿದ ನಮ್ಮ ಹುಡುಗ ಹುಡುಗಿಯರು ಮೊದಲು ಆ ಟ್ರಂಕುಗಳನ್ನು ತೆರೆಸಲಿ.