ಥರ ಕುಸಿದ ಮೇಲೆ

ಮಾನವ ಗೋಪುರ ಕಟ್ಟಿ ಮೊಸರು ಮಡಕೆ ಒಡೆಯುವ ದಹಿಹಂಡಿಯ ಮರುದಿನ ಮುಂಬೈಯ ಪತ್ರಿಕೆಗಳಲ್ಲಿ ತಪ್ಪದೆ ಒಂದು ಪಟ್ಟಿ ಬರುತ್ತದೆ. ಒಂದು ಕಡೆ ಪಾಲಿಕೆ ಆಸ್ಪತ್ರೆಗಳ ಹೆಸರು: ಕೆಇಎಂ, ಸಯನ್, ನಾಯರ್, ರಾಜಾವಾಡಿ. ಇನ್ನೊಂದು ಕಡೆ ಅಂಕಿ: ಗೋಪುರ ಕಟ್ಟುವ ಗೋವಿಂದರಲ್ಲಿ ಇಷ್ಟು ಮಂದಿ ಗಾಯಗೊಂಡರು, ಇಷ್ಟು ಮಂದಿ ದಾಖಲು, ಉಳಿದವರು ಚಿಕಿತ್ಸೆ ಪಡೆದು ಮನೆಗೆ. ಒಟ್ಟು ಸಂಖ್ಯೆ ನೂರು ದಾಟುವುದು ಮಾಮೂಲು, ಇನ್ನೂರು ದಾಟಿದ ವರ್ಷಗಳೂ ಇವೆ. ಸತ್ತವರಿದ್ದರೆ ಅವರಿಗೆ ಬೇರೆ ನಾಲ್ಕು ಸಾಲು. ಬಿದ್ದವನು ಗೋಪುರದ ಎಷ್ಟನೆಯ ಥರದಲ್ಲಿ, ಅಂದರೆ ಎಷ್ಟನೆಯ ಅಂತಸ್ತಿನಲ್ಲಿದ್ದ, ಯಾರ ಕಾಲು ಮೊದಲು ಜಾರಿತು, ಮಳೆಯಿತ್ತೇ, ಕೆಳಗೆ ಗಾದಿ ಹಾಸಿದ್ದರೇ, ತಲೆಗೆ ಹೆಲ್ಮೆಟ್ ಇತ್ತೇ, ಬಿದ್ದವನನ್ನು ಎತ್ತಿದವರು ಕುತ್ತಿಗೆಗೆ ಆಸರೆ ಕೊಟ್ಟರೇ — ಇದಾವುದೂ ಆ ಪಟ್ಟಿಯಲ್ಲಿ ಇರುವುದಿಲ್ಲ. ಈ ಊರಿನ ಅತಿ ದೊಡ್ಡ ಬೀದಿಯಾಟದ ಬಗ್ಗೆ ನಮ್ಮ ಕೈಗೆ ಸಿಗುವ ವಾರ್ಷಿಕ ದಾಖಲೆ ಎಂದರೆ ಇಷ್ಟೇ.

ಮುಂಬೈಯ ಭಾಂಡುಪ್ ಪಶ್ಚಿಮದಲ್ಲಿ ಇರುವವರಿಗೆ ಇದು ದೂರದ ಸುದ್ದಿಯಲ್ಲ. ಸ್ಟೇಷನ್ ರಸ್ತೆಯಿಂದ ಎಲ್.ಬಿ.ಎಸ್. ಮಾರ್ಗದವರೆಗೆ, ಅಲ್ಲಿಂದ ಗಾಢವ್ ನಾಕಾ, ಟೆಂಭಿಪಾಡಾ, ಕೋಕಣ ನಗರದ ಏರುಗಳವರೆಗೆ ಹಬ್ಬದ ದಿನ ರಿಕ್ಷಾ ಸಿಗುವುದಿಲ್ಲ. ಕಾರ್ಖಾನೆಗಳ ಕಾಲದಲ್ಲಿ ಕೊಂಕಣದಿಂದ ಬಂದು ಚಾಳುಗಳಲ್ಲಿ ನೆಲೆಸಿದವರ ಮೊಮ್ಮಕ್ಕಳು ಲಾರಿಯಲ್ಲಿ, ಬೈಕಿನಲ್ಲಿ, ಎದೆಯ ಮೇಲೆ ಯಾವುದೋ ಪುಢಾರಿಯ ಮುಖವಿರುವ ಟೀ ಶರ್ಟು ತೊಟ್ಟು ಬರುತ್ತಾರೆ. ಹೋಟೆಲಿನ ನಮ್ಮೂರ ಹುಡುಗರು ಗಲ್ಲಾ ಬಿಟ್ಟು ಮೆಟ್ಟಿಲಿಗೆ ಬಂದು ನಿಲ್ಲುತ್ತಾರೆ. ನಾನೂ ನಿಂತಿದ್ದೇನೆ, ಇನ್ನು ಮುಂದೆಯೂ ನಿಲ್ಲುತ್ತೇನೆ. ಈ ಆಟವನ್ನು ದೂರದಿಂದ ಹಳಿಯುವ ಸೌಕರ್ಯ ನನಗಿಲ್ಲ.

ಹಳಿಯಲು ಮನಸ್ಸೂ ಬಾರದು. ಒಳ್ಳೆಯ ಪಥಕವೊಂದು, ಎಂದರೆ ಗೋವಿಂದರ ತಂಡವೊಂದು, ಥರ ಕಟ್ಟುವುದನ್ನು ಹತ್ತಿರದಿಂದ ನೋಡಬೇಕು. ಗುರುಪೂರ್ಣಿಮೆಯಿಂದ ರಾತ್ರಿ ರಾತ್ರಿ ಅಭ್ಯಾಸ ಮಾಡಿದ ಮೈಗಳು ಅವು. ಬುಡದಲ್ಲಿ ದಪ್ಪ ಕುತ್ತಿಗೆಯ, ಮಧ್ಯವಯಸ್ಸಿನ ಗಂಡಸರು ಒಬ್ಬರ ಹೆಗಲಿಗೆ ಒಬ್ಬರು ತೋಳು ಬಿಗಿದು ತಲೆ ಒಳಗೆ ಬಗ್ಗಿಸುತ್ತಾರೆ. ಅವರಿಗೆ ಮೇಲೆ ಏನಾಗುತ್ತಿದೆ ಎಂದು ಕಾಣುವುದೇ ಇಲ್ಲ. ಕೂಗುವವನ ದನಿಯೇ ಅವರ ಕಣ್ಣು. ಎರಡನೆಯ, ಮೂರನೆಯ ಥರದವರು ತೊಡೆ, ಸೊಂಟ, ಹೆಗಲು ಎಂದು ಹತ್ತುತ್ತಾರೆ. ಮೇಲೆ ಹೋದಂತೆ ಮೈ ಸಣ್ಣದಾಗುತ್ತದೆ, ತುತ್ತತುದಿಯ ‘ಎಕ್ಕಾ’ಗೆ ಬರುವಷ್ಟರಲ್ಲಿ ಮಗುವಾಗಿಬಿಡುತ್ತದೆ. ಆ ಮಗು ಎದ್ದು ನಿಂತು ಕೈ ಎತ್ತಿದರೆ ಸಲಾಮಿ. ಮೂವತ್ತು ನಲವತ್ತು ಮಂದಿಯ ಉಸಿರು ಒಂದೇ ಲಯಕ್ಕೆ ಬಂದಿರುವ ಆ ಕ್ಷಣಕ್ಕೆ ಸಾಟಿಯಾದದ್ದನ್ನು ನಾನು ಯಾವ ಕ್ರೀಡಾಂಗಣದಲ್ಲೂ ಕಂಡಿಲ್ಲ. ಜೋಗೇಶ್ವರಿಯ ಜೈ ಜವಾನ್ ಪಥಕ 2012ರಲ್ಲಿ ಠಾಣೆಯಲ್ಲಿ ಒಂಬತ್ತು ಥರ ಕಟ್ಟಿ 13.34 ಮೀಟರಿನ ಗಿನ್ನೆಸ್ ದಾಖಲೆ ಮಾಡಿತು. 2025ರಲ್ಲಿ ಅದೇ ಜೋಗೇಶ್ವರಿಯ ಕೋಕಣ ನಗರ ಪಥಕ, ಅದೇ ಠಾಣೆಯಲ್ಲಿ ಹತ್ತಕ್ಕೆ ಏರಿತು.

ಬೀಳುವುದು ಹೇಗೆಂದರೆ, ನಡುವಿನ ಥರದಲ್ಲಿ ಒಬ್ಬನ ಮೊಣಕಾಲು ಸಣ್ಣಗೆ ನಡುಗತೊಡಗುತ್ತದೆ. ಕೆಳಗೆ ನಿಂತ ನಮಗೆ ಅದು ಮೊದಲೇ ಕಾಣುತ್ತದೆ, ಬುಡದವರಿಗೆ ಕಾಣದು. ಅವನು ಹೆಜ್ಜೆ ಸರಿಪಡಿಸಿಕೊಳ್ಳಲು ಹೋಗುತ್ತಾನೆ, ಕೆಳಗಿನವನ ಹೆಗಲು ಓರೆಯಾಗುತ್ತದೆ. ಗೋಪುರ ಒಳಮುಖವಾಗಿ ಕುಸಿದರೆ ಮೇಲಿನವರು ಮನುಷ್ಯರ ಮೇಲೆ ಬೀಳುತ್ತಾರೆ. ಪೆಟ್ಟು ಕೆಳಗಿನವರ ಬೆನ್ನುಮೂಳೆಗೆ, ಕುತ್ತಿಗೆಗೆ. ಹೊರಕ್ಕೆ ವಾಲಿದರೆ ಅಂಚಿನವರಿಗೆ ಸಿಗುವುದು ಡಾಂಬರು. ಇಪ್ಪತ್ತು ಅಡಿಯಿಂದ ತಡೆಯಿಲ್ಲದೆ ಬಿದ್ದ ದೇಹ ನೆಲ ಮುಟ್ಟುವಾಗ ಗಂಟೆಗೆ ಸುಮಾರು 39 ಕಿಲೋಮೀಟರ್ ವೇಗದಲ್ಲಿರುತ್ತದೆ; ಹದಿಮೂರು ಮೀಟರಿನಿಂದಾದರೆ 58ರ ಹತ್ತಿರ. ಇಷ್ಟೆಲ್ಲ ಎರಡು ಸೆಕೆಂಡಿನೊಳಗೆ. ಆಮೇಲೆ ನಡೆಯುವುದೇ ನನ್ನನ್ನು ಹೆಚ್ಚು ಕಾಡುವುದು. ಡಿಜೆ ನಿಲ್ಲುವುದಿಲ್ಲ. ಮೈಕಿನವನು ‘ಕಾಹಿ ನಾಹಿ, ಕಾಹಿ ನಾಹಿ’ (ಏನಿಲ್ಲ, ಏನಿಲ್ಲ) ಎನ್ನುತ್ತಾನೆ. ಎದ್ದವರು ಎದ್ದರು, ಏಳದವನನ್ನು ನಾಲ್ವರು ಕೈಕಾಲು ಹಿಡಿದು ಗುಂಪು ಸೀಳಿಕೊಂಡು ಓಡುತ್ತಾರೆ, ಅವನ ತಲೆ ಹಿಂದಕ್ಕೆ ಜೋತಾಡುತ್ತಿರುತ್ತದೆ. ಕುತ್ತಿಗೆಯ ಮೂಳೆ ಮುರಿದವನನ್ನು ಹಾಗೆ ಎತ್ತಿದರೆ ಬದುಕಿನುದ್ದ ಹಾಸಿಗೆಯೇ ಗತಿಯಾಗಬಹುದು ಎಂದು ಕೂಗಿ ಹೇಳಿದರೂ ಆ ಗದ್ದಲದಲ್ಲಿ ಯಾರ ಕಿವಿಗೆ ಬಿದ್ದೀತು? ನೂರು ಮೊಬೈಲುಗಳಲ್ಲಿ ಆ ಕುಸಿತ ದಾಖಲಾಗಿರುತ್ತದೆ. ಹತ್ತೇ ನಿಮಿಷದಲ್ಲಿ ಮುಂದಿನ ಪಥಕ ಬುಡ ಕಟ್ಟುತ್ತಿರುತ್ತದೆ.

ಈ ಆಟದ ಮೇಲೆ ನನ್ನ ಮುಖ್ಯ ತಕರಾರು ಇಲ್ಲಿದೆ. ದಹಿಹಂಡಿಯ ರಚನೆಯಲ್ಲಿ ಏರುವುದಕ್ಕೆ ಬೆಲೆಯಿದೆ, ಇಳಿಯುವುದಕ್ಕಿಲ್ಲ. ಬಹುಮಾನ ಥರಗಳ ಎಣಿಕೆಗೆ, ಮಡಕೆ ಒಡೆದದ್ದಕ್ಕೆ. ಮಡಕೆ ಒಡೆದ ಮೇಲೆ ಮೊಸರು, ನೀರು, ಬಣ್ಣದ ನಡುವೆ ಇಡೀ ಗೋಪುರ ಕಳಚಿ ಬೀಳುವುದನ್ನೇ ನಾವು ಸಂಭ್ರಮ ಎಂದುಕೊಂಡುಬಿಟ್ಟಿದ್ದೇವೆ. ಥರ ಥರವಾಗಿ ಇಳಿಸುವ ಶಿಸ್ತಿನ ಪಥಕಗಳು ಇಲ್ಲವೆಂದಲ್ಲ, ಬಲ್ಲವರು ಅವರಿಗೆ ಮರ್ಯಾದೆಯನ್ನೂ ಕೊಡುತ್ತಾರೆ. ಗಲ್ಲಿಯ ಹಂಡಿಯಲ್ಲಿ ಆ ಮರ್ಯಾದೆ ದುಡ್ಡಾಗುವುದಿಲ್ಲ, ಅಷ್ಟೆ.

ಸ್ಪೇನಿನ ಕತಲಾನ್ ಜನರ ಮಾನವ ಗೋಪುರ ‘ಕಾಸ್ತೆಲ್’ ಇದಕ್ಕೆ ಹತ್ತಿರದ ನೆಂಟ. 2010ರಲ್ಲಿ ಯುನೆಸ್ಕೊ ಪರಂಪರೆಯ ಪಟ್ಟಿಗೂ ಸೇರಿತು. ಅಲ್ಲಿ ತುದಿಯ ಮಗು ಕೈ ಎತ್ತಿದರೆ ಗೋಪುರ ‘ಕಟ್ಟಿದ್ದು’ ಮಾತ್ರ ಆಯಿತು. ಕೊನೆಯವನು ಸುರಕ್ಷಿತವಾಗಿ ನೆಲಕ್ಕೆ ಇಳಿದರೆ ಮಾತ್ರ ಪೂರ್ತಿ ಅಂಕ. ಕಟ್ಟಿದ ಮೇಲೆ ಕುಸಿದದ್ದಕ್ಕೂ, ಕಟ್ಟಿ ಇಳಿಸಿದ್ದಕ್ಕೂ ಬೇರೆ ಬೇರೆ ಹೆಸರು, ಬೇರೆ ಬೇರೆ ಲೆಕ್ಕ. 2006ರಲ್ಲಿ ಮತಾರೊ ಊರಿನ ತಂಡದ ಹುಡುಗಿಯೊಬ್ಬಳು ಬಿದ್ದು ಸತ್ತಳು. ತುದಿಯ ಮಕ್ಕಳ ತಲೆಗೆ ಹಗುರವಾದ ಹೆಲ್ಮೆಟ್ ಬಂದದ್ದು ಆ ಸಾವಿನ ನಂತರ. ಸಂಪ್ರದಾಯ ಕೆಟ್ಟಿತು ಎಂದು ಅಲ್ಲೂ ಗೊಣಗಿದವರು ಇದ್ದಿರಲೇಬೇಕು. ಗೋಪುರಗಳ ಎತ್ತರವೇನೂ ಕಡಿಮೆಯಾಗಲಿಲ್ಲ.

ನಮ್ಮಲ್ಲಿ ಚರ್ಚೆ ಶುರುವಾದದ್ದೂ ಮುಗಿದದ್ದೂ ಅಳತೆಪಟ್ಟಿಯಲ್ಲೇ. ಸ್ವಾತಿ ಪಾಟೀಲ ಎಂಬವರ ಅರ್ಜಿಯ ಮೇಲೆ 2014ರ ಆಗಸ್ಟಿನಲ್ಲಿ ಬಾಂಬೆ ಹೈಕೋರ್ಟು ಎತ್ತರ ಇಪ್ಪತ್ತು ಅಡಿ ಮೀರಬಾರದು, ಹದಿನೆಂಟು ತುಂಬದವರು ಏರಬಾರದು ಎಂದಿತು. ಕೆಲವೇ ದಿನದಲ್ಲಿ ಸುಪ್ರೀಂ ಕೋರ್ಟಿನಿಂದ ಸಡಿಲಿಕೆ ಬಂತು, 2016ರಲ್ಲಿ ಅದೇ ಕೋರ್ಟು ಮತ್ತೆ ಬಿಗಿ ಮಾಡಿತು. 2017ರಲ್ಲಿ ವಿಷಯ ಹೈಕೋರ್ಟಿಗೆ ಮರಳಿತು. ಎತ್ತರ ನಿಗದಿ ಮಾಡುವುದು ತನ್ನ ಕೆಲಸವಲ್ಲ ಎಂದು ಅದು ಕೈಬಿಟ್ಟಿತು. ಹದಿನಾಲ್ಕರೊಳಗಿನ ಮಕ್ಕಳನ್ನು ಏರಿಸುವುದಿಲ್ಲ ಎಂದು ಮಹಾರಾಷ್ಟ್ರ ಸರ್ಕಾರ ಕೊಟ್ಟ ಮಾತನ್ನು ಬರೆದುಕೊಂಡಿತು. ಈ ನಡುವೆ 2015ರಲ್ಲಿ ಒಮ್ಮೆ, 2022ರಲ್ಲಿ ಇನ್ನೊಮ್ಮೆ ದಹಿಹಂಡಿ ‘ಸಾಹಸ ಕ್ರೀಡೆ’ ಎಂದು ಸರ್ಕಾರ ಘೋಷಿಸಿತು. ಸತ್ತರೆ ಹತ್ತು ಲಕ್ಷ, ಎರಡು ಕೈಕಾಲು ಹೋದರೆ ಏಳೂವರೆ ಲಕ್ಷ ಎಂಬ ಪರಿಹಾರದ ದರಪಟ್ಟಿ 2022ರದು. ಅದೇ ವರ್ಷ ವಿಲೆ ಪಾರ್ಲೆಯಲ್ಲಿ ಬಿದ್ದ ಇಪ್ಪತ್ತರ ಹರೆಯದ ಗೋವಿಂದನೊಬ್ಬ ಆಸ್ಪತ್ರೆಯಲ್ಲಿ ತೀರಿಕೊಂಡ. 2023ರಲ್ಲಿ ವರ್ಲಿಯ ಎನ್‌ಎಸ್‌ಸಿಐ ಡೋಮಿನೊಳಗೆ ಪ್ರೊ ಗೋವಿಂದಾ ಲೀಗ್ ಬಂತು. 2025ರ ಆಗಸ್ಟಿನಲ್ಲಿ, ಹಬ್ಬಕ್ಕೆ ವಾರವಿರುವಾಗ, ದಹಿಸರ್‌ನಲ್ಲಿ ಅಭ್ಯಾಸದ ವೇಳೆ ಮೇಲಿನ ಥರದಿಂದ ಬಿದ್ದು ಹನ್ನೊಂದು ವರ್ಷದ ಹುಡುಗ ಸತ್ತ. ಹನ್ನೊಂದು. ಕೋರ್ಟಿನಲ್ಲಿ ಕೊಟ್ಟ ಮಾತು ಹದಿನಾಲ್ಕರದ್ದಾಗಿತ್ತು.

ಸಾಹಸ ಕ್ರೀಡೆ ಎಂಬ ಪಟ್ಟ ಸುಮ್ಮನೆ ಬರುವುದಿಲ್ಲ, ಅದಕ್ಕೊಂದು ಕಂದಾಯವಿದೆ. ಆಕಾಶದಿಂದ ಪ್ಯಾರಾಚೂಟು ಕಟ್ಟಿ ಹಾರುವವರು ಆ ಕಂದಾಯವನ್ನು ಹೇಗೆ ಕಟ್ಟುತ್ತಾರೆ ನೋಡಿ. ಅಮೆರಿಕದ ಪ್ಯಾರಾಚೂಟ್ ಸಂಘ ಪ್ರತಿ ಸಾವಿನ ವಿವರ ಸಂಗ್ರಹಿಸಿ ತನ್ನ ಪತ್ರಿಕೆಯಲ್ಲಿ ಅಚ್ಚು ಹಾಕುತ್ತದೆ: ಹಾರಿದವರ ಅನುಭವ ಎಷ್ಟು, ಪ್ಯಾರಾಚೂಟು ಯಾವುದು, ಕಂಡವರು ಕಂಡದ್ದೇನು, ಇದರಿಂದ ಉಳಿದವರು ತಿಳಿಯಬೇಕಾದದ್ದೇನು. ಕಣ್ಣಾರೆ ಗೆಳೆಯನ ಸಾವು ಕಂಡವನಿಗೂ ಅಲ್ಲಿ ಒಂದು ಕೆಲಸವಿದೆ. ಅವನು ನೋಡಿದ್ದನ್ನು ಹೇಳಬೇಕು. 1970ರ ದಶಕದಲ್ಲಿ ಆ ದೇಶದಲ್ಲಿ ವರ್ಷಕ್ಕೆ ಸರಾಸರಿ ನಲವತ್ತಕ್ಕೂ ಹೆಚ್ಚು ಮಂದಿ ಸಾಯುತ್ತಿದ್ದರು. 2023ರಲ್ಲಿ ಸುಮಾರು 36.5 ಲಕ್ಷ ಜಿಗಿತಗಳಿಗೆ ಸತ್ತವರು ಹತ್ತು. ಸಲಕರಣೆ ಸುಧಾರಿಸಿದ್ದು ಇದಕ್ಕೊಂದು ಕಾರಣ. 1991ರಲ್ಲಿ ಜರ್ಮನಿಯಲ್ಲಿ ಬಂದ ಸೈಪ್ರೆಸ್ ಎಂಬ ಪೆಟ್ಟಿಗೆ, ನೆಲ ಸುಮಾರು 225 ಮೀಟರಿಗೆ ಬಂದರೂ ಮನುಷ್ಯ ಬೀಳುವ ವೇಗ ತಗ್ಗಿಲ್ಲವೆಂದು ಕಂಡರೆ ಮೀಸಲು ಪ್ಯಾರಾಚೂಟನ್ನು ತಾನೇ ಬಿಚ್ಚುತ್ತದೆ. ಆದರೆ ವರದಿಗಳನ್ನು ಸಾಲಾಗಿ ಇಟ್ಟು ಓದಿದಾಗ ಯಾರೂ ಎಣಿಸದ ಸಂಗತಿಯೊಂದು ಹೊರಬಿತ್ತು. ಸಾಯುತ್ತಿದ್ದವರಲ್ಲಿ ಬಹಳ ಮಂದಿಯ ಪ್ಯಾರಾಚೂಟು ಸರಿಯಾಗಿಯೇ ಬಿಚ್ಚಿಕೊಂಡಿತ್ತು. ನೆಲದ ಹತ್ತಿರ ಜೋರಾಗಿ ತಿರುಗಿಸಿ ಇಳಿಯುವ ಚಪಲದಲ್ಲಿ ಅವರು ಸಾಯುತ್ತಿದ್ದರು. ಇಳಿಯುವುದನ್ನು ಪ್ರತ್ಯೇಕವಾಗಿ ಕಲಿಸುವ ಪಾಠಗಳಿಗೆ ಒತ್ತು ಬಂದದ್ದು ಹೀಗೆ. ಸಾವನ್ನು ವಿಧಿಯ ಖಾತೆಗೆ ಹಾಕಿ ಮುಗಿಸಿದ್ದರೆ ಈ ಪಾಠ ಹುಟ್ಟುತ್ತಿರಲಿಲ್ಲ.

ನಮ್ಮ ದೇಶದ ಆಕಾಶಜಿಗಿತದಲ್ಲೂ ಆ ಶಿಸ್ತು ಬೇರೂರಿತೆಂದು ಹೇಳಲಾರೆ. 2014ರ ಜನವರಿಯ ಕೊನೆಯಲ್ಲಿ ಸೇಲಂನ ವಿಮಾನ ನಿಲ್ದಾಣದ ಮೈದಾನದಲ್ಲಿ, ಬೆಂಗಳೂರಿನಿಂದ ಹೋಗಿದ್ದ ದಂಪತಿಯಲ್ಲಿ ಹೆಂಡತಿ ಪ್ಯಾರಾಚೂಟು ಬಿಚ್ಚಿಕೊಳ್ಳದೆ ಬಿದ್ದು ಸತ್ತರು. ಪತ್ರಿಕೆಗಳಲ್ಲಿ ನಾಲ್ಕು ದಿನ ಗುಲ್ಲಾಯಿತು, ಮತ್ತೆ ತಣ್ಣಗಾಯಿತು.

ಕನ್ನಡಿಗರು ಸಾಮೂಹಿಕವಾಗಿ ಕಣ್ಣಾರೆ ಕಂಡ ಇಂಥ ಸಾವು ತಿಪ್ಪಗೊಂಡನಹಳ್ಳಿ ಜಲಾಶಯದ್ದು. 2016ರ ನವೆಂಬರ್ 7ರಂದು ‘ಮಾಸ್ತಿಗುಡಿ’ ಚಿತ್ರೀಕರಣಕ್ಕೆ ಹೆಲಿಕಾಪ್ಟರಿನಿಂದ ನೀರಿಗೆ ಹಾರಿದ ಖಳನಟರಾದ ಅನಿಲ್, ಉದಯ್ ಇಬ್ಬರೂ ಮೇಲೆ ಬರಲಿಲ್ಲ. ಜತೆಗೆ ಹಾರಿದ್ದ ನಾಯಕ ದುನಿಯಾ ವಿಜಯ್ ಉಳಿದರು. ತಮಗೆ ಈಜು ಅಷ್ಟಕ್ಕಷ್ಟೆ ಎಂಬುದನ್ನು ಉದಯ್ ಹಾರುವ ಮೊದಲೇ ಟಿ.ವಿ. ಮೈಕಿನ ಮುಂದೆ ಹೇಳಿದ್ದರು. ಒಂದು ಕೈಪಿಡಿಯ ಮೊದಲ ಪುಟದಲ್ಲೇ ಬರಬೇಕಾದ ಎಚ್ಚರಿಕೆ ಅದು. ಅದು ಬೈಟ್ ಆಗಿ ಪ್ರಸಾರವಾಯಿತು. ಮೈಕು ಹಿಡಿದವರಾಗಲಿ, ದಡದಲ್ಲಿ ನಿಂತವರಾಗಲಿ ‘ಹಾಗಿದ್ದರೆ ಬೇಡ’ ಎನ್ನಲಿಲ್ಲ. ಆಮೇಲೆ ದಿನಗಟ್ಟಲೆ ಆ ಜಿಗಿತವನ್ನು ನಿಧಾನಗತಿಯಲ್ಲಿ, ಕೆಂಪು ವೃತ್ತ ಹಾಕಿ ಮನೆಮನೆಗೆ ತೋರಿಸಿದರು. ಸಾವನ್ನು ಅಷ್ಟು ಬಾರಿ ನೋಡಿದ ಜನ, ದೋಣಿ ಎಷ್ಟು ದೂರದಲ್ಲಿರಬೇಕಿತ್ತು, ತೇಲುಕವಚ ಏಕೆ ಇರಲಿಲ್ಲ ಎಂಬುದರ ಮೇಲೆ ಎಷ್ಟು ಹೊತ್ತು ನಿಂತರು? ಭಾಂಡುಪ್‌ನ ನಾಕಾದಲ್ಲಿ ನೂರು ಮೊಬೈಲು ಎತ್ತಿ ನಿಂತವರೂ ಟಿ.ವಿ. ಮುಂದೆ ಕೂತ ನಾವೂ ಬೇರೆಯವರೇನಲ್ಲ.

ಉಡುಪಿ ಕಡೆಯಿಂದ ಬಂದವರಿಗೆ ಇನ್ನೊಂದು ಮಾದರಿ ಗೊತ್ತೇ ಇದೆ. ವಿಟ್ಲಪಿಂಡಿಯ ದಿನ ರಥಬೀದಿಯ ಗುರ್ಜಿಗಳಿಗೆ ಮೊಸರು ಕುಡಿಕೆ ಕಟ್ಟುತ್ತಾರೆ, ಗೊಲ್ಲ ವೇಷದವರು ಕೋಲಿನಿಂದ ಒಡೆಯುತ್ತಾರೆ, ಹುಲಿವೇಷ ಕುಣಿಯುತ್ತದೆ, ಯಾರ ತಲೆಯೂ ಒಡೆಯಬೇಕಿಲ್ಲ. ಮುಂಬೈಯ ನಮ್ಮ ಸಭೆಗಳಲ್ಲಿ ಇದನ್ನು ಹೇಳಿ ‘ನಮ್ಮದೇ ಸರಿ’ ಎಂದು ಮೀಸೆ ತಿರುವುವುದು ಸುಲಭ. ಆದರೆ ಎರಡೂ ಬೇರೆ ಆಟಗಳು. ವಿಟ್ಲಪಿಂಡಿ ಮಠದ ಬೀದಿಯ ಲೀಲೋತ್ಸವ. ದಹಿಹಂಡಿ ಚಾಳಿನ ಹುಡುಗನಿಗೆ ವರ್ಷದಲ್ಲಿ ಒಂದು ದಿನ ಇಡೀ ಊರು ತಲೆಯೆತ್ತಿ ತನ್ನನ್ನು ನೋಡುವ ಅವಕಾಶ. ಅದನ್ನು ಕಸಿದುಕೊಂಡು ಕೋಲು ಕೊಟ್ಟರೆ ಅವನು ತೆಗೆದುಕೊಳ್ಳುವುದಿಲ್ಲ, ತೆಗೆದುಕೊಳ್ಳಲೂಬಾರದು.

ಹಾಗಾದರೆ ಬಿದ್ದದ್ದನ್ನು ಯಾರೂ ಏಕೆ ಬರೆದಿಡುವುದಿಲ್ಲ? ಉದಾಸೀನ ಎಂದುಬಿಡುವುದು ಪಥಕದವರಿಗೆ ಅನ್ಯಾಯ. ನಮ್ಮಲ್ಲಿ ಅಪಘಾತದ ಮೊದಲ ಬರಹವೇ ಎಫ್‌ಐಆರ್. ದಹಿಸರ್‌ನಲ್ಲೂ ಮಂಡಳದ ಅಧ್ಯಕ್ಷರ ಮೇಲೆ ಕೇಸು ಬಿತ್ತು, ಬೀಳಬೇಕಾದದ್ದೇ. ಆದರೆ ಬಾಯಿ ಬಿಟ್ಟರೆ ಪೊಲೀಸ್ ಠಾಣೆ ಎಂದು ಗೊತ್ತಿರುವಾಗ ಬುಡದಲ್ಲಿ ನಿಂತವನು ‘ನನ್ನ ಹೆಗಲು ಜಾರಿತು’ ಎಂದು ಯಾರಿಗೆ ಹೇಳಿಯಾನು? ಶಿಕ್ಷೆಯ ವಿಚಾರಣೆ ಒಂದು ಕಡೆ ನಡೆಯಲಿ, ಹೆಸರಿಲ್ಲದ ಅಪಘಾತ ವರದಿ ಇನ್ನೊಂದು ಕಡೆ ನಡೆಯಲಿ ಎಂಬ ವ್ಯವಸ್ಥೆ ಬೇಕು. ಗೋವಿಂದರ ವಿಮೆಯ ಕಂತನ್ನು ಸರ್ಕಾರವೇ ಕಟ್ಟುತ್ತಿದೆ. ಆ ಕಂತಿನ ಜತೆ ಒಂದೇ ಪುಟದ ನಮೂನೆ ಕೊಡಲಿ. ಗಾಯವಾದ ವಾರದೊಳಗೆ ಪಥಕ ಅದನ್ನು ತುಂಬಿ ಪಾಲಿಕೆಗೆ ಕೊಡಬೇಕು: ಎಷ್ಟನೆಯ ಥರ, ಏರುವಾಗಲೋ ಇಳಿಯುವಾಗಲೋ, ಒಳಕ್ಕೋ ಹೊರಕ್ಕೋ, ತಲೆಗೆ ಏನಿತ್ತು, ಮಗುವಿನ ಸೊಂಟಕ್ಕೆ ಹಗ್ಗವಿತ್ತೇ, ಆ ದಿನ ಅದು ಅವರ ಎಷ್ಟನೆಯ ಹಂಡಿ. ಕೊನೆಯ ಪ್ರಶ್ನೆಗೆ ಬರುವ ಉತ್ತರದ ಮೇಲೆ ನನಗೆ ವಿಶೇಷ ಕುತೂಹಲವಿದೆ, ಏಕೆಂದರೆ ಬೆಳಿಗ್ಗೆ ಲಾರಿ ಹತ್ತಿದ ಹುಡುಗರೇ ರಾತ್ರಿಯವರೆಗೂ ಭಾಂಡುಪ್, ಮುಲುಂಡ್, ಠಾಣೆ ಎಂದು ಹಂಡಿಯಿಂದ ಹಂಡಿಗೆ ಓಡುತ್ತಿರುತ್ತಾರೆ, ಮತ್ತು ಬಹುಮಾನದ ದೊಡ್ಡ ಹಂಡಿಗಳು ಅವರಿಗಾಗಿ ಕಾದಿರುವುದು ಅವರ ಕಾಲು ಸೋತ ಹೊತ್ತಿಗೆ.