ಒಂದು ಮೆಟ್ಟಿಲು ತಣ್ಣಗಿನ ಪ್ಲಗ್

ಹೊಸ ಸ್ಪಾರ್ಕ್ ಪ್ಲಗ್ಗನ್ನು ಡಬ್ಬಿಯಿಂದ ತೆಗೆದು ಬೆಳಕಿಗೆ ಹಿಡಿದು ನೋಡಿದವರಿಗೆ ಅದರ ಚೆಲುವು ಗೊತ್ತು. ಮೇಲೆ ನುಣುಪಾದ ಬಿಳಿ ಪಿಂಗಾಣಿ, ಅದರ ಕತ್ತಿನ ಸುತ್ತ ನಾಲ್ಕೈದು ಏಣುಗಳು. ಆ ಏಣುಗಳು ಅಲಂಕಾರಕ್ಕೆಂದು ಇಟ್ಟವಲ್ಲ. ಸಾವಿರಾರು ವೋಲ್ಟಿನ ವಿದ್ಯುತ್ತು ಪಿಂಗಾಣಿಯ ಮೈಮೇಲೇ ಹರಿದು ಹೊರಗಿನ ಲೋಹಕ್ಕೆ ಹಾರದಿರಲೆಂದು ಅದರ ದಾರಿಯನ್ನು ಉದ್ದ ಮಾಡಿದ್ದಾರೆ. ಈ ವಸ್ತುವಿನಲ್ಲಿ ಸುಮ್ಮನೆ ಇರುವುದು ಯಾವುದೂ ಇಲ್ಲ. ಸೂಪರ್‌ಚಾರ್ಜರ್ ಇರುವ ಎಂಜಿನ್ನಿಗೆ ಪ್ಲಗ್ ಆರಿಸಲು ಕೂತಾಗ ಇದು ಇನ್ನೂ ಚೆನ್ನಾಗಿ ಮನದಟ್ಟಾಗುತ್ತದೆ.

ನನ್ನ ಮೆಚ್ಚಿನ ಉದಾಹರಣೆ 2002ರಿಂದ 2006ರವರೆಗೆ ಬಂದ ಮಿನಿ ಕೂಪರ್ ಎಸ್. ಅಭಿಮಾನಿಗಳು ಅದನ್ನು ಆರ್53 ಎನ್ನುತ್ತಾರೆ. ಬ್ರೆಜಿಲಿನಲ್ಲಿ ತಯಾರಾದ 1.6 ಲೀಟರಿನ ಟ್ರೈಟೆಕ್ ಎಂಜಿನ್, ಅದಕ್ಕೆ ಗಾಳಿ ತುಂಬಲು ಈಟನ್ ಕಂಪನಿಯ ಎಂ45 ಸೂಪರ್‌ಚಾರ್ಜರ್. ಟರ್ಬೊ ಹೊಗೆಯ ರಭಸದಿಂದ ತಿರುಗಿದರೆ ಇದು ಬೆಲ್ಟಿನಿಂದ ತಿರುಗುತ್ತದೆ. ಆಕ್ಸಿಲರೇಟರ್ ಒತ್ತಿದ ಕ್ಷಣವೇ ಎಂಜಿನ್ ಓಗೊಡುತ್ತದೆ, ಜೊತೆಗೆ ಆ ಸಣ್ಣ ಕೀರಲು ಸಿಳ್ಳೆ. ಇದರ ಸೂಪರ್‌ಚಾರ್ಜರಿನ ಪುಲ್ಲಿಯನ್ನು ಶೇ. 15ರಷ್ಟು ಚಿಕ್ಕದು ಮಾಡಿ ಹೆಚ್ಚು ಗಾಳಿ ತುರುಕುವುದು ಅಭಿಮಾನಿಗಳ ಹಳೆಯ ಚಟ. ಪ್ಲಗ್ಗಿನ ಪ್ರಶ್ನೆ ಹುಟ್ಟುವುದು ಅಲ್ಲಿಂದಲೇ.

ಗಾಳಿ ಹೆಚ್ಚು ತುಂಬಿದರೆ ಪೆಟ್ರೋಲೂ ಹೆಚ್ಚು ಉರಿಯುತ್ತದೆ, ಸಿಲಿಂಡರಿನೊಳಗೆ ಶಾಖವೂ ಏರುತ್ತದೆ. ಪ್ಲಗ್ಗಿನ ತುದಿ ಸುಮಾರು 450 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ತನ್ನ ಮೇಲೆ ಕೂತ ಮಸಿಯನ್ನು ತಾನೇ ಸುಟ್ಟುಕೊಳ್ಳುತ್ತದೆ. 800 ಡಿಗ್ರಿ ದಾಟಿ ಮೇಲೆ ಹೋದರೆ ಕಿಡಿ ಹಾರುವ ಮೊದಲೇ ಆ ಕೆಂಡದಂಥ ತುದಿಯೇ ಪೆಟ್ರೋಲಿಗೆ ಬೆಂಕಿ ಹಚ್ಚುವ ಅಪಾಯ. ಪಿಸ್ಟನ್ ತೂತಾಗಲು ಅಷ್ಟು ಸಾಕು. ಮಸಿ ಕಟ್ಟದಷ್ಟು ಬಿಸಿ ಇರಬೇಕು, ಬೆಂಕಿ ಹಚ್ಚದಷ್ಟು ತಂಪೂ ಇರಬೇಕು. ಈ ಹದವನ್ನು ಪ್ಲಗ್ ತಯಾರಿಸುವವರು ಸಾಧಿಸಿದ ಬಗೆ ನನಗೆ ಇವತ್ತಿಗೂ ಬೆರಗು ಹುಟ್ಟಿಸುತ್ತದೆ. ಒಳಗಿನ ಪಿಂಗಾಣಿಯ ಮೂಗನ್ನು ಉದ್ದ ಮಾಡಿದರೆ ಶಾಖ ಹೊರಗೆ ಹೋಗಲು ಹೊತ್ತು ಹಿಡಿಯುತ್ತದೆ, ಅದು ಹಾಟ್ ಪ್ಲಗ್. ಮೂಗನ್ನು ಗಿಡ್ಡ ಮಾಡಿದರೆ ಶಾಖ ಬೇಗನೆ ಎಂಜಿನ್ ಹೆಡ್ಡಿಗೆ ಇಳಿದುಹೋಗುತ್ತದೆ, ಅದು ಕೋಲ್ಡ್ ಪ್ಲಗ್. ಇಷ್ಟೇ. ಕೆಲವು ಮಿಲಿಮೀಟರ್ ಪಿಂಗಾಣಿಯ ಅಂತರ!

ಆರ್53ಕ್ಕೆ ಕಂಪನಿಯೇ ಹಾಕಿ ಕೊಡುತ್ತಿದ್ದದ್ದು ಪ್ಲಗ್ ತಯಾರಕ ಎನ್‌ಜಿಕೆಯ ಬಿಕೆಆರ್6ಇಕ್ಯೂಯುಪಿ. ಅದರಲ್ಲಿನ 6 ಅನ್ನುವುದೇ ಶಾಖದ ಅಂಕಿ. ಎನ್‌ಜಿಕೆಯಲ್ಲಿ ಅಂಕಿ ಏರಿದಂತೆ ಪ್ಲಗ್ ತಣ್ಣಗಾಗುತ್ತದೆ. ಬಾಷ್ ಕ್ರಮದಲ್ಲಿ ಇದು ತಿರುವುಮುರುವು. ಬಾಷ್‌ನದೇ ಆದ ಬೆಂಗಳೂರಿನ ಆಡುಗೋಡಿಯ ಮೈಕೋ ಹೆಸರು ಕೇಳಿ ಬೆಳೆದ ನಮ್ಮವರು ಈ ಒಂದು ವಿಷಯದಲ್ಲಿ ಎಚ್ಚರವಾಗಿರಬೇಕು. ಎನ್‌ಜಿಕೆ ಹೇಳುವ ಲೆಕ್ಕದ ಪ್ರಕಾರ 75ರಿಂದ 100 ಅಶ್ವಶಕ್ತಿ ಹೆಚ್ಚಾದರೆ ಒಂದು ಮೆಟ್ಟಿಲು ತಣ್ಣಗಿನ ಪ್ಲಗ್ ಬೇಕು. ಬರೀ ಪುಲ್ಲಿ ಬದಲಿಸಿದರೆ ಅಷ್ಟು ಶಕ್ತಿ ಬರುವುದಿಲ್ಲ. ಆದರೂ ಆರ್53 ಬಲ್ಲವರು 7ನೇ ಅಂಕಿಗೇ ಹೋಗುತ್ತಾರೆ, ನನ್ನ ಮತವೂ ಅದೇ. ಎಂ45 ರೂಟ್ಸ್ ಮಾದರಿಯದು, ಜೋರಾಗಿ ತಿರುಗಿದಷ್ಟೂ ಗಾಳಿಯನ್ನು ಕಾಯಿಸುತ್ತದೆ. ಬಾನೆಟ್ ಕೆಳಗಿನ ಇಂಟರ್‌ಕೂಲರ್ ಆ ಬಿಸಿಯನ್ನು ಪೂರ್ತಿ ಇಳಿಸಲಾರದು. 8ಕ್ಕೆ ಹೋಗುವುದು ಮಾತ್ರ ಅತಿಯಾಯಿತು. ರೇಸ್ ಟ್ರ್ಯಾಕಿನಲ್ಲಿ ಸರಿ, ಊರೊಳಗಿನ ಸಿಗ್ನಲ್‌ಗಳ ನಡುವೆ ಅದು ಮಸಿ ಕಟ್ಟಿ ಕೂರುತ್ತದೆ.

ಆರ್53ಕ್ಕೆ ಕಂಪನಿ ಹಾಕಿ ಕೊಡುತ್ತಿದ್ದ ಆ ಪ್ಲಗ್ಗಿನ ತುದಿಯನ್ನೊಮ್ಮೆ ಹತ್ತಿರದಿಂದ ನೋಡಬೇಕು. ಮಾಮೂಲಿ ಪ್ಲಗ್ಗಿನಂತೆ ಮೇಲಿಂದ ಬಾಗಿದ ಒಂದು ಕೊಕ್ಕೆ ಇಲ್ಲಿಲ್ಲ. ನಡುವಿನ ಪ್ಲಾಟಿನಂ ತುದಿಯ ಕಡೆಗೆ ನಾಲ್ಕು ದಿಕ್ಕಿನಿಂದ ನಾಲ್ಕು ಪುಟ್ಟ ಲೋಹದ ಕಾಲುಗಳು ಚಾಚಿವೆ. ಕಿಡಿ ಪಿಂಗಾಣಿಯ ಮೈ ಸವರಿಕೊಂಡು ಯಾವುದಾದರೂ ಒಂದು ಕಾಲಿಗೆ ಹಾರುತ್ತದೆ. ಹಾಗೆ ಹಾರುವಾಗ ಅಲ್ಲಿದ್ದ ಮಸಿಯನ್ನೂ ಸುಟ್ಟುಬಿಡುತ್ತದೆ. ಇದರ ಗ್ಯಾಪ್, ಅಂದರೆ ಕಿಡಿ ಹಾರುವ ಅಂತರ, ಕಾರ್ಖಾನೆಯಲ್ಲೇ ಕೂರಿಸಿದ್ದು, ಬಗ್ಗಿಸಲು ಹೋಗಬಾರದು.

ಒಂದೇ ಕೊಕ್ಕೆಯ ಪ್ಲಗ್ ಹಾಕುವವರಿಗೆ ಗ್ಯಾಪ್ ಬಹಳ ಮುಖ್ಯ. ಗಾಳಿ ಒತ್ತೊತ್ತಾಗಿ ತುಂಬಿದಷ್ಟೂ ಅದನ್ನು ಸೀಳಿ ಹಾರಲು ಕಿಡಿಗೆ ಹೆಚ್ಚು ವೋಲ್ಟ್ ಬೇಕು. ಜರ್ಮನಿಯ ಫ್ರೀಡ್ರಿಶ್ ಪಾಶೆನ್ 1889ರಲ್ಲೇ ಇದಕ್ಕೊಂದು ನಿಯಮ ಕಂಡುಕೊಂಡರು: ವೋಲ್ಟ್ ಎಷ್ಟು ಬೇಕೆಂಬುದು ಒತ್ತಡ ಮತ್ತು ಅಂತರಗಳ ಗುಣಲಬ್ಧವನ್ನು ಅವಲಂಬಿಸಿದೆ. ಒತ್ತಡ ಏರಿಸಿದ ಮೇಲೆ ಅಂತರ ಇಳಿಸಲೇಬೇಕು. ಸಾಮಾನ್ಯ ಎಂಜಿನ್ನಿನಲ್ಲಿ 1.1 ಮಿಲಿಮೀಟರ್ ನಡೆಯುವ ಕಡೆ ಸೂಪರ್‌ಚಾರ್ಜರಿಗೆ 0.7 ಅಥವಾ 0.8 ಸಾಕು. ಫೀಲರ್ ಗೇಜಿನ ಹಾಳೆಯನ್ನು ನಡುವೆ ತೂರಿಸಿ ಎಳೆದಾಗ ಬೆರಳಿಗೆ ತುಸುವೇ ಬಿಗಿ ತಿಳಿಯಬೇಕು. ಆ ಸ್ಪರ್ಶವನ್ನು ಬೆರಳು ಒಮ್ಮೆ ಕಲಿತರೆ ಮರೆಯುವುದಿಲ್ಲ.

ಇರಿಡಿಯಂ ಬೇಕೇ ಎಂದು ಎಲ್ಲರೂ ಕೇಳುತ್ತಾರೆ. 2446 ಡಿಗ್ರಿಗೆ ಕರಗುವ ಲೋಹ, 0.6 ಮಿಲಿಮೀಟರಿನ ತುದಿ. ಅಷ್ಟು ಸಪೂರವಾದ ತುದಿಯಿಂದ ಕಿಡಿ ಕಡಿಮೆ ವೋಲ್ಟಿಗೇ ಹಾರುತ್ತದೆ. ಸೂಪರ್‌ಚಾರ್ಜ್ ಎಂಜಿನ್ನಿಗೆ ಇದು ನಿಜವಾದ ಉಪಕಾರ. ಆದರೆ ಶಾಖದ ಅಂಕಿ ತಪ್ಪಿದ ಇರಿಡಿಯಮ್ಮಿಗಿಂತ ಅಂಕಿ ಸರಿಯಿರುವ ಅಗ್ಗದ ನಿಕಲ್ ಪ್ಲಗ್ಗೇ ಮೇಲು. ಬೇಗ ಬದಲಿಸಬೇಕು, ಅಷ್ಟೇ.

ಓಡಿಸಿ ಬಿಚ್ಚಿದ ಪ್ಲಗ್ ಇನ್ನೂ ಸೊಗಸು. ಆರ್53ರಲ್ಲಿ ಒಂದೇ ಕಾಯಿಲ್ ಏಕಕಾಲಕ್ಕೆ ಎರಡು ಪ್ಲಗ್‌ಗೆ ವಿದ್ಯುತ್ ಕೊಡುತ್ತದೆ. ಒಂದರಲ್ಲಿ ಕಿಡಿ ನಡುವಿನಿಂದ ಹೊರಕ್ಕೆ, ಇನ್ನೊಂದರಲ್ಲಿ ಹೊರಗಿನಿಂದ ನಡುವಿಗೆ. ನಾಲ್ಕನ್ನೂ ಸಾಲಾಗಿಟ್ಟರೆ ಸವೆತದಲ್ಲಿ ಆ ವ್ಯತ್ಯಾಸ ಓದಬಹುದು. ಪಿಂಗಾಣಿಯ ಮೂಗು ಹದವಾಗಿ ಹುರಿದ ರವೆಯ ಬಣ್ಣಕ್ಕೆ ತಿರುಗಿದ್ದರೆ ಆಯ್ಕೆ ಸರಿಯಾಗಿದೆ. ಕಪ್ಪು ಪುಡಿ ಕೂತಿದ್ದರೆ ಪ್ಲಗ್ ವಿಪರೀತ ತಣ್ಣಗಿದೆ, ಇಲ್ಲವೇ ಪೆಟ್ರೋಲ್ ಜಾಸ್ತಿಯಾಗಿದೆ. ಬಿಳಿ ಪಿಂಗಾಣಿಯ ಮೇಲೆ ಬೂದು ಚುಕ್ಕೆಗಳು ಮಿನುಗಿದರೆ ಅದು ಪಿಸ್ಟನ್ನಿನಿಂದ ಕರಗಿ ಸಿಡಿದ ಅಲ್ಯೂಮಿನಿಯಂ. ಎಂಜಿನ್ನನ್ನು ಮತ್ತೆ ಸ್ಟಾರ್ಟ್ ಮಾಡಬೇಡಿ.

ಪುಲ್ಲಿ ಬದಲಿಸುವ ದಿನವೇ ಪ್ಲಗ್ಗನ್ನೂ ಬದಲಿಸಿ. ಎಂಜಿನ್ ಪೂರ್ತಿ ಆರಿದ ಮೇಲೆ, ಥ್ರೆಡ್ಡಿಗೆ ಎಣ್ಣೆ ಗ್ರೀಸು ಏನನ್ನೂ ಹಚ್ಚದೆ, ಮೊದಲು ಕೈಯಲ್ಲೇ ತಿರುಗಿಸಿ ಕೂರಿಸಿ. ಆಮೇಲೆ ಟಾರ್ಕ್ ರೆಂಚ್ ಹಿಡಿದು 25ರಿಂದ 30 ನ್ಯೂಟನ್ ಮೀಟರ್‌ವರೆಗೆ ಬಿಗಿ ಮಾಡಿ. ಕೆಲವು ದಿನ ಓಡಿಸಿ ಒಂದನ್ನಾದರೂ ಬಿಚ್ಚಿ, ಬೆಳಕಿಗೆ ಹಿಡಿದು ಬಣ್ಣ ನೋಡಿ.